ಹಿಂದಕ್ಕೆ ಬಾಯಿ ಮಾಡ್ಕೊಂಡಿದ್ದ ಮಾರ್ಟರ್ ಗಾಡಿ

ಎರಡನೇ ಮಹಾಯುದ್ಧದ ಗಾಡಿಗಳ ಫೋಟೋ ನೋಡೋ ಚಟ ಇರೋರಿಗೆ ಅಮೆರಿಕದ ಎಂ4 ಮಾರ್ಟರ್ ಕ್ಯಾರಿಯರ್ ಎಲ್ಲಾದ್ರೂ ಕಣ್ಣಿಗೆ ಬಿದ್ದಿರುತ್ತೆ. ಮುಂದೆ ಲಾರಿ ಥರ ಎರಡು ಚಕ್ರ, ಹಿಂದೆ ಹಿಟಾಚಿ ಥರ ಚೈನು, ಮೇಲೆ ಮುಚ್ಚಳ ಇಲ್ಲದ ಉಕ್ಕಿನ ಬಾಡಿ, ಅದರೊಳಗೆ 81 ಎಂಎಂ ಮಾರ್ಟರ್. ಸರಿಯಾಗಿ ನೋಡಿದ್ರೆ ಆ ಮಾರ್ಟರ್ ಬಾಯಿ ಗಾಡಿ ಹಿಂದಕ್ಕಿರುತ್ತೆ. ಶತ್ರು ಇರೋದು ಮುಂದೆ, ಗಾಡಿ ಹೋಗೋದು ಮುಂದಕ್ಕೆ, ಹೊಡೆಯೋದು ಮಾತ್ರ ಹಿಂದಕ್ಕೆ! ಯಾವ ಪುಣ್ಯಾತ್ಮ ಡಿಸೈನ್ ಮಾಡಿದ್ದಪ್ಪಾ ಇದನ್ನ ಅಂತ ನಗೋರೇ ಜಾಸ್ತಿ. ನಾನು ಆ ಗುಂಪಲ್ಲಿಲ್ಲ. ಹಿಂದಕ್ಕೆ ಕೂರಿಸಿದ್ದೇ ದೊಡ್ಡ ತಪ್ಪು ಅಂತ ನನಗನಿಸಲ್ಲ, ಗಾಡಿ ನಿಲ್ಲಿಸಿ ಅದರೊಳಗಿಂದಲೇ ದಿನಾ ಹೊಡೀಬೇಕಾಗುತ್ತೆ ಅನ್ನೋದನ್ನ ಮೊದಲೇ ಲೆಕ್ಕಕ್ಕೆ ತಗೊಳ್ಳದೇ ಇದ್ದದ್ದು ತಪ್ಪು.

ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮಾರ್ಟರ್ ಅನ್ನೋದು ನೋಡೋಕೆ ತುಂಬಾ ಸಿಂಪಲ್. ಒಂದು ಕೊಳವೆ, ಮುಂದೆ ಎರಡು ಕಾಲಿನ ಸ್ಟ್ಯಾಂಡು, ತಳಕ್ಕೆ ದಪ್ಪ ಬೇಸ್ ಪ್ಲೇಟು. ಶೆಲ್ಲನ್ನ ಬಾಯಿಂದ ಒಳಗೆ ಬಿಟ್ರೆ ಜಾರ್ಕೊಂಡು ಹೋಗಿ ತಳದ ಪಿನ್ನಿಗೆ ಬಡಿಯುತ್ತೆ, ಬಂದ ದಾರೀಲೇ ವಾಪಸ್ ಹಾರುತ್ತೆ, ಅಷ್ಟೇ. 1915ರಲ್ಲಿ ಇಂಗ್ಲೆಂಡಿನ ವಿಲ್ಫ್ರೆಡ್ ಸ್ಟೋಕ್ಸ್ ಮಾಡಿದ್ದನ್ನ ಆಮೇಲೆ ಫ್ರಾನ್ಸಿನ ಬ್ರಾಂಡ್ಟ್ ಕಂಪನಿ ತಿದ್ದಿ ತೀಡಿ ಚೆಂದ ಮಾಡ್ತು, ಅಮೆರಿಕದೋರು ಅದನ್ನೇ ತಗೊಂಡು ಎಂ1 ಅಂತ ಹೆಸರಿಟ್ರು. ಒಟ್ಟು ತೂಕ 62 ಕೆಜಿ ಹತ್ತಿರ, ಬಿಚ್ಚಿದ್ರೆ ಮೂರು ತುಂಡು, ಒಂದೊಂದೂ 20 ಕೆಜಿ ಆಸುಪಾಸು, ಮೂರು ಜನ ಹೆಗಲ ಮೇಲೆ ಹೊತ್ಕೊಂಡು ಹೋಗಬಹುದು. ಮೂರು ಕಿಲೋಮೀಟರ್ ದೂರಕ್ಕೆ ಹೊಡೆಯೋ ಸಾಮಾನು ಇಷ್ಟು ಹಗುರ ಇರೋದಕ್ಕೆ ಕಾರಣ ಏನಂದ್ರೆ, ಫಿರಂಗಿಗೆ ಇರೋ ಹಾಗೆ ಒದೆತ ತಡ್ಕೊಳ್ಳೋ ಸಿಲಿಂಡರು, ಸ್ಪ್ರಿಂಗು ಇದಕ್ಕೆ ಇಲ್ಲ. ಒದೆತವನ್ನೆಲ್ಲ ಬೇಸ್ ಪ್ಲೇಟು ಸೀದಾ ಭೂಮಿಗೆ ದಾಟಿಸಿಬಿಡುತ್ತೆ. ಅಂದ್ರೆ ಮಾರ್ಟರಿನ ಅರ್ಧ ಭಾಗ ಭೂಮಿನೇ.

ಈಗ ಭೂಮಿ ತೆಗೆದು ಅಲ್ಲಿ ಗಾಡಿ ಫ್ಲೋರ್ ಇಡಿ. ಕೊಳವೆ 40ರಿಂದ 85 ಡಿಗ್ರಿ ಮೇಲಕ್ಕೆ ನಿಂತಿರುತ್ತಲ್ಲ, ಹಾಗಾಗಿ ಪ್ರತಿ ಸಲ ಹೊಡೆದಾಗ ಒದೆತ ಹೆಚ್ಚುಕಮ್ಮಿ ಕೆಳಮುಖ, ನೇರ ಫ್ಲೋರಿಗೆ, ಫ್ಲೋರಿಂದ ಚಾಸಿಗೆ, ಚಾಸಿಯಿಂದ ಸಸ್ಪೆನ್ಷನ್ನಿಗೆ. ಗಾಡಿ ಕುಗ್ಗಿ ಏಳುತ್ತೆ. ಎದ್ದ ಮೇಲೆ ಒಂದು ಕೂದಲೆಳೆಯಷ್ಟು ಓರೆ ನಿಂತ್ರೂ ಮುಂದಿನ ಶೆಲ್ಲು ಎಲ್ಲೋ ಹೋಗಿ ಬೀಳುತ್ತೆ, ಗುರಿ ನೋಡೋ ಸೈಟ್ ಮತ್ತೆ ನೋಡಿ ಸರಿ ಮಾಡ್ಕೋಬೇಕು. ಇನ್ನು ಮುಚ್ಚಳ ಹಾಕೋ ಹಾಗೇ ಇಲ್ಲ, ಯಾಕಂದ್ರೆ ಶೆಲ್ ಹಾಕೋದು ಮೇಲಿಂದ, ಹಾಕೋನು ನಿಂತ್ಕೊಂಡೇ ಹಾಕಬೇಕು. ಸುತ್ತ ಇರೋ ಉಕ್ಕಿನ ಗೋಡೆ ಬರೀ 6 ಎಂಎಂ ಚಿಲ್ಲರೆ ದಪ್ಪ. ಈ ಗಾಡಿಗಳಿಗೆ ಸೈನಿಕರು "ಪರ್ಪಲ್ ಹಾರ್ಟ್ ಬಾಕ್ಸ್" ಅಂತ ಅಡ್ಡಹೆಸರು ಇಟ್ಟಿದ್ದು ಸುಮ್ನೆ ಅಲ್ಲ, ಪರ್ಪಲ್ ಹಾರ್ಟ್ ಅಂದ್ರೆ ಯುದ್ಧದಲ್ಲಿ ಗಾಯ ಆದೋರಿಗೆ ಕೊಡೋ ಪದಕ.

ಎಂ4 ಮಾಡಿದಾಗ ಸೇನೆಯೋರ ತಲೇಲಿ ಇದ್ದದ್ದು ಇಷ್ಟೇ: ಮಾರ್ಟರನ್ನೂ ಜನಾನೂ ಶೆಲ್ಲನ್ನೂ ಹೇರ್ಕೊಂಡು ಟ್ಯಾಂಕುಗಳ ಹಿಂದೆ ಬರಬೇಕು, ಜಾಗ ಬಂದಾಗ ಕೆಳಗಿಳಿಸಿ ನೆಲದ ಮೇಲೆ ಹೂಡಿ ಹೊಡೀಬೇಕು, ಗಾಡಿ ಒಳಗಿಂದ ಹೊಡೆಯೋದು ತುರ್ತಿಗೆ ಮಾತ್ರ. ಈ ಲೆಕ್ಕದಲ್ಲಿ ಹಿಂದಕ್ಕೆ ಮುಖ ಮಾಡಿಸಿದ್ದು ಪೆದ್ದತನ ಏನಲ್ಲ. ಮುಂದಕ್ಕಿಟ್ರೆ ಡ್ರೈವರ್ ತಲೆ ಮೇಲಿಂದ ಹೊಡೀಬೇಕು, ಹಿಂದಕ್ಕಿದ್ರೆ ಆ ತಾಪತ್ರಯ ಇಲ್ಲ, ಹೊಡೆದಾದ ಮೇಲೆ ಗಾಡಿ ಮೂತಿ ಆಗಲೇ ಓಡಿಹೋಗೋ ಕಡೆಗೇ ಇರುತ್ತೆ. ಮಾರ್ಟರ್ ಗಾಡಿ ಒಂದೇ ಜಾಗದಲ್ಲಿ ಜಾಸ್ತಿ ಹೊತ್ತು ನಿಂತ್ರೆ ಎದುರಿನೋರು ಜಾಗ ಪತ್ತೆ ಮಾಡಿ ವಾಪಸ್ ಕೊಡ್ತಾರೆ, ಹಾಗಾಗಿ ಬೇಗ ಕಾಲ್ಕೀಳೋದು ಸಣ್ಣ ವಿಷಯ ಅಲ್ಲ.

ಆದ್ರೆ ಫೀಲ್ಡಲ್ಲಿ ನಡೆದದ್ದೇ ಬೇರೆ. ಟ್ಯಾಂಕುಗಳು ಓಡ್ತಾ ಇರ್ತವೆ, ಎದುರಿಗೆ ಏನೋ ಅಡ್ಡ ಸಿಗುತ್ತೆ, ಹೊಗೆ ಶೆಲ್ ಬೇಕು ಅಂತ ರೇಡಿಯೋದಲ್ಲಿ ಕೂಗ್ತಾರೆ. ಆಗ ಯಾರು ಮೂರು ತುಂಡು ಕೆಳಗಿಳಿಸಿ, ಬೇಸ್ ಪ್ಲೇಟ್ ಹೂತು, ಕೆಲಸ ಮುಗಿದ ಮೇಲೆ ಮತ್ತೆ ಅದನ್ನ ಕಿತ್ತು ಹೇರ್ಕೊಂಡು ಕೂರ್ತಾರೆ? ಒಳಗಿಂದಲೇ ಹೊಡೀತಾರೆ. ಹೊಡೀಬೇಕಂದ್ರೆ ಇಡೀ ಗಾಡಿ ತಿರುಗಿಸ್ಬೇಕು. ಹಾಫ್-ಟ್ರ್ಯಾಕ್, ಅಂದ್ರೆ ಮುಂದೆ ಚಕ್ರ ಹಿಂದೆ ಚೈನು ಇರೋ ಇಂಥ ಗಾಡಿಯ ಅಸಲಿ ಹಣೆಬರಹ ಗೊತ್ತಾಗೋದು ಇಲ್ಲೇ. ಪೂರ್ತಿ ಚೈನ್ ಇರೋ ಟ್ಯಾಂಕಾದ್ರೆ ಒಂದು ಕಡೆ ಚೈನ್ ಹಿಡಿದು ಹೆಚ್ಚುಕಮ್ಮಿ ನಿಂತಲ್ಲೇ ತಿರುಗುತ್ತೆ. ಇದಕ್ಕೆ ಸ್ಟೀರಿಂಗ್ ಇರೋದು ಮುಂದಿನ ಚಕ್ರಕ್ಕೆ ಮಾತ್ರ, ಟರ್ನಿಂಗ್ ರೇಡಿಯಸ್ ಸುಮಾರು 30 ಅಡಿ. ಎರಡೂ ಕಡೆ ಬೇಲಿ ಇರೋ ಕಿರಿದಾದ ಹಳ್ಳಿ ರಸ್ತೇಲಿ ಸಿಕ್ಕೊಂಡು ಹಿಂದೆ ಮುಂದೆ, ಹಿಂದೆ ಮುಂದೆ ಮಾಡ್ತಿರೋ ಡ್ರೈವರ್ ಬಾಯಲ್ಲಿ ಬಂದ ಮಾತನ್ನ ಇಲ್ಲಿ ಬರೆಯೋ ಹಾಗಿಲ್ಲ ಬಿಡಿ. ಇಷ್ಟೆಲ್ಲ ತಿರುಗಿಸಿದ ಮೇಲೂ ಗುರಿ ಸ್ವಲ್ಪ ಪಕ್ಕಕ್ಕಿದ್ರೆ ಮತ್ತೆ ಅದೇ ಕಥೆ, ಯಾಕಂದ್ರೆ ಎಂ4 ಒಳಗೆ ಮಾರ್ಟರನ್ನ ಎಡಕ್ಕೆ ಬಲಕ್ಕೆ ತಿರುಗಿಸೋಕೆ ಜಾಗ ತುಂಬಾ ಕಮ್ಮಿ. ನೆಲದ ಮೇಲಾಗಿದ್ರೆ ಸ್ಟ್ಯಾಂಡ್ ಎತ್ತಿ ಪಕ್ಕಕ್ಕಿಟ್ರೆ ಮುಗೀತು.

ಎಂ4 ಒಟ್ಟು 572 ಗಾಡಿ ಮಾಡಿದ್ರು. ಆಮೇಲೆ ಒಳಗಿಂದ ಹೊಡೆಯೋಕೆ ಅನುಕೂಲ ಆಗ್ಲಿ ಅಂತ, ಪಕ್ಕಕ್ಕೆ ಇನ್ನಷ್ಟು ತಿರುಗೋ ಹಾಗೆ ತಿದ್ದಿ ಎಂ4ಎ1 ಅಂತ 600 ಮಾಡಿದ್ರು, ಬಾಯಿ ಮಾತ್ರ ಇನ್ನೂ ಹಿಂದಕ್ಕೇ! 2ನೇ ಆರ್ಮರ್ಡ್ ಡಿವಿಜನ್‌ನೋರು ಕಾದು ಕಾದು ಸಾಕಾಗಿ ತಾವೇ ಮಾರ್ಟರನ್ನ ಬಿಚ್ಚಿ ಮುಂದಕ್ಕೆ ತಿರುಗಿಸಿ ಕೂರಿಸ್ಕೊಂಡ್ರು. ಈ ಇಡೀ ಕಥೇಲಿ ನನಗೆ ತುಂಬಾ ಇಷ್ಟ ಆಗೋ ಭಾಗ ಇದು. ಗಾಡಿ ಬಳಸೋ ಜನ ಸ್ಪ್ಯಾನರ್ ಹಿಡಿದಾಗ ಡಿಸೈನಿನ ತಪ್ಪು ಎಲ್ಲಿದೆ ಅಂತ ಯಾವ ರಿಪೋರ್ಟೂ ಇಲ್ಲದೆ ಗೊತ್ತಾಗಿಬಿಡುತ್ತೆ.

ಕೊನೆಗೆ ಬಂದದ್ದು ಎಂ21. ಸ್ವಲ್ಪ ಉದ್ದದ ಎಂ3 ಹಾಫ್-ಟ್ರ್ಯಾಕ್ ಬಾಡಿ, ಮಾರ್ಟರ್ ಮುಂದಕ್ಕೆ, ಗಾಡಿ ಅಲ್ಲಾಡಿಸದೆ ಒಟ್ಟು 60 ಡಿಗ್ರಿ ತಿರುಗಿಸಬಹುದು, 97 ಶೆಲ್ಲು, ಹಿಂದುಗಡೆ ಕಾವಲಿಗೆ ದೊಡ್ಡ ಬ್ರೌನಿಂಗ್ ಮೆಷಿನ್ ಗನ್ನು. ಕೇಳಿದ್ದೆಲ್ಲ ಇದೆ. ಎಷ್ಟು ಮಾಡಿದ್ರು ಗೊತ್ತಾ? 110. ಅದೂ 1944ರಲ್ಲಿ. ಅಷ್ಟು ಹೊತ್ತಿಗೆ ಹಳೇ ಥರದ್ದು ಸಾವಿರದ ಮೇಲೆ ತಯಾರಾಗಿತ್ತಲ್ಲ. (ತಮಿಯಾ ಕಂಪನಿ 1/35 ಅಳತೇಲಿ ಎಂ21 ಪ್ಲಾಸ್ಟಿಕ್ ಕಿಟ್ ಮಾಡುತ್ತೆ, ನನ್ನ ಶೋಕೇಸಲ್ಲೂ ಒಂದಿದೆ. ಅಸಲಿ ಗಾಡಿಗಿಂತ ಪ್ಲಾಸ್ಟಿಕ್ ಗಾಡಿಗಳೇ ಪ್ರಪಂಚದಲ್ಲಿ ಜಾಸ್ತಿ ಇರೋದು ಖಾತ್ರಿ.)

ಜರ್ಮನಿಯೋರು ಎಸ್‌ಡಿಕೆಎಫ್‌ಜೆಡ್ 251/2 ಅನ್ನೋ ತಮ್ಮ ಹಾಫ್-ಟ್ರ್ಯಾಕಲ್ಲಿ ಮೊದಲಿಂದಲೇ ಮಾರ್ಟರನ್ನ ಮುಂದಕ್ಕೆ ಕೂರಿಸಿದ್ರು, ನೆಲದ ಮೇಲೆ ಹೂಡೋಕೆ ಅಂತ ಇನ್ನೊಂದು ಬೇಸ್ ಪ್ಲೇಟನ್ನೂ ಗಾಡಿಗೇ ಸಿಕ್ಕಿಸ್ಕೊಂಡು ಓಡಾಡ್ತಿದ್ರು. ಅದು ಜಾಣತನ, ಒಪ್ಕೋತೀನಿ. ಸ್ಟೀರಿಂಗೂ ಚೆನ್ನಾಗಿತ್ತು, ಜಾಸ್ತಿ ತಿರುಗಿಸಿದ್ರೆ ಆ ಕಡೆ ಚೈನಿಗೆ ತಾನೇ ಬ್ರೇಕ್ ಹಿಡಿಯೋದು. ಆದ್ರೆ ಮುಂದಿನ ಚಕ್ರಕ್ಕೆ ಇಂಜಿನ್ ಪವರ್ ಇಲ್ಲ, ಚೈನಿನೊಳಗಿನ ಚಕ್ರಗಳು ಒಂದರೊಳಗೊಂದು ಹೆಣೆದ ಹಾಗೆ ಇರೋದ್ರಿಂದ ರಷ್ಯಾದ ಚಳೀಲಿ ಮಧ್ಯೆ ಕೆಸರು ಸೇರಿ ಕಲ್ಲಾಗ್ತಿತ್ತು, ರಿಪೇರಿ ಅಂದ್ರೆ ಮೆಕ್ಯಾನಿಕ್ಕಿಗೆ ನರಕ. ಅಮೆರಿಕದ ಗಾಡಿಗೆ ಲಾರಿ ಕಂಪನಿ ವೈಟ್‌ನ ಆರು ಸಿಲಿಂಡರ್ ಇಂಜಿನ್ನು, ರಬ್ಬರಿನ ಚೈನು, ಮುಂದಿನ ಚಕ್ರಕ್ಕೂ ಪವರ್ರು. ಲಾರಿ ಓಡಿಸಿದ ಯಾವನಾದ್ರೂ ಓಡಿಸಬಹುದಿತ್ತು. ಈ ವಿಷಯದಲ್ಲಿ ನನ್ನ ಓಟು ಅಮೆರಿಕಕ್ಕೇ.

ಮುಂದಕ್ಕೆ ಮುಖ ಮಾಡಿಸಿದ್ದೇ ಸರಿ ಅಂತ ತೀರ್ಪು ಕೊಡೋಕೂ ಆಗಲ್ಲ ನೋಡಿ. ಯುದ್ಧ ಆದ ಮೇಲೆ ಎಂ113 ಅನ್ನೋ ಸೈನಿಕರನ್ನ ಸಾಗಿಸೋ ಗಾಡಿಯ ಬಾಡಿ ಮೇಲೆ ಅಮೆರಿಕದೋರು ಮಾಡಿದ ಮಾರ್ಟರ್ ಗಾಡಿಗಳಲ್ಲಿ ಮಾರ್ಟರ್ ಮತ್ತೆ ಹಿಂದಕ್ಕೇ ಹೋಯ್ತು, 120 ಎಂಎಂ ಇರೋ ಎಂ1064 ಕೂಡ ಹಿಂದಕ್ಕೇ ಹೊಡೆಯೋದು. ಯಾರೂ ಬೈಯ್ಯಲ್ಲ. ಯಾಕಂದ್ರೆ ಅದಕ್ಕೆ ಪೂರ್ತಿ ಚೈನಿದೆ, ಚಿಕ್ಕ ಜಾಗದಲ್ಲೇ ತಿರುಗುತ್ತೆ, ಒಳಗೆ ಮಾರ್ಟರೂ ಟರ್ನ್‌ಟೇಬಲ್ ಮೇಲೆ ತಿರುಗುತ್ತೆ, ಗಾಡಿ ಒಳಗಿಂದ ಹೊಡೆಯೋದಕ್ಕೇ ಅಂತ ಮೊದಲ ದಿನದಿಂದ ಯೋಚಿಸಿ ಮಾಡಿರೋದು.

ಎಂ21 ಕಿಟ್‌ನಲ್ಲಿ ಮಾರ್ಟರನ್ನ ಹಿಂದಕ್ಕೆ ತಿರುಗಿಸಿ ಅಂಟಿಸಿದ್ರೆ ಎಂ4 ಆಗುತ್ತಾ ಅಂತ ಹೋದ ಪೋಸ್ಟಲ್ಲಿ ಒಬ್ರು ಕೇಳಿದ್ರು. ಆಗಲ್ಲ ಸಾರ್. ಎಂ4ಗೆ ಗಿಡ್ಡ ಎಂ2 ಹಾಫ್-ಟ್ರ್ಯಾಕ್ ಬಾಡಿ ಬೇಕು, ಹಿಂದುಗಡೆ ಪೂರ್ತಿ ಕೊಯ್ದು ಹೊಸದಾಗಿ ಕಟ್ಟಬೇಕಾಗುತ್ತೆ, ಅದರ ಬದಲು ಎಂ2 ಕಿಟ್ಟೇ ತಗೊಂಡು ಶುರು ಮಾಡಿ.