ಹಲ್ಲಿನೊಳಗೆ ಫೈಲ್ ಮುರಿದಿದೆ ಅಂತ ಅವತ್ತೇ ಹೇಳಬಹುದಿತ್ತಲ್ಲ?

ಹಲ್ಲು ಕೀಳಿಸಿಕೊಂಡು ಇವತ್ತಿಗೆ ಒಂಬತ್ತು ದಿನ. ಎಡಗಡೆ, ಕೆಳಗಿನ ದವಡೆ ಹಲ್ಲು. ಇನ್ನೂ ಗಂಜಿ, ಮೊಸರನ್ನದಲ್ಲೇ ಇದ್ದೇನೆ. ನೋವು ಪರವಾಗಿಲ್ಲ, ಕಡಿಮೆಯಾಗಿದೆ. ಸಿಟ್ಟು ಮಾತ್ರ ಒಂದು ಚೂರೂ ಇಳಿದಿಲ್ಲ.

ಕಳೆದ ಜೂನ್‌ನಲ್ಲಿ ಇದೇ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದ್ದೆ. ಮೂರು ಸಲ ಹೋಗಬೇಕಾಯಿತು. ಎರಡನೇ ಸಲ ಒಳಗೆ ಏನೋ ಮಾಡುತ್ತಿದ್ದ ಡಾಕ್ಟರು ಇದ್ದಕ್ಕಿದ್ದಂತೆ ನಿಲ್ಲಿಸಿದರು. ಅಸಿಸ್ಟೆಂಟ್ ಹುಡುಗಿಯ ಮುಖ ನೋಡಿದರು. ಹೊರಗೆ ಹೋಗಿ ಬಂದರು. ಆಮೇಲೆ ಒಂದು ಎಕ್ಸ್‌ರೇ ತೆಗೆದರು. ಏನಾಯಿತು ಅಂತ ಕೇಳುವುದಕ್ಕೆ ನನ್ನ ಬಾಯಿ ಜೋಮು ಹಿಡಿದಿತ್ತು. ಎಲ್ಲ ಮುಗಿದ ಮೇಲೆ ಕೇಳಿದೆ. "ಏನಿಲ್ಲ ಮೇಡಂ, ಚೆನ್ನಾಗಿ ಆಗಿದೆ" ಅಂದರು. ಕೆಲಸಕ್ಕೆ 4,500, ಕ್ಯಾಪ್‌ಗೆ 9,000. ಕ್ಯಾಪ್‌ಗೆ ಹತ್ತು ವರ್ಷ ವಾರಂಟಿ ಅಂತ ಕಾರ್ಡನ್ನೂ ಕೊಟ್ಟರು. ಆ ಕಾರ್ಡ್ ಇನ್ನೂ ಬೀರುವಿನಲ್ಲಿದೆ. ಹಲ್ಲೇ ಹೋಯಿತು.

ತಿಂಗಳೊಳಗೆ ಅಗಿದರೆ ನೋವು ಶುರುವಾಯಿತು. ಹೋದೆ. ಕ್ಯಾಪ್ ಎತ್ತರ ಆಗಿದೆ ಅಂತ ಸ್ವಲ್ಪ ಉಜ್ಜಿ ಕಳಿಸಿದರು. ಮತ್ತೆ ಹೋದೆ. ಐದು ದಿನದ ಆಂಟಿಬಯಾಟಿಕ್ ಬರೆದರು. ಮತ್ತೆ ಹೋದೆ. ನೀವು ರಾತ್ರಿ ಹಲ್ಲು ಕಡಿಯುತ್ತೀರಿ, ಟೆನ್ಶನ್ ಜಾಸ್ತಿ ಇರಬೇಕು ಅಂದರು. ನಾನು ಹಲ್ಲು ಕಡಿಯುವುದಿಲ್ಲ. ಹದಿನಾಲ್ಕು ವರ್ಷದಿಂದ ಪಕ್ಕದಲ್ಲಿ ಮಲಗುವ ಮನುಷ್ಯನಿಗೆ ಅದು ಗೊತ್ತಿರುವುದಿಲ್ಲವಾ? ಪ್ರತಿ ಸಲವೂ ಕೊನೆಗೆ ಒಂದೇ ಮಾತು: "ಇನ್ನು ಸ್ವಲ್ಪ ದಿನ ನೋಡಿ, ಸರಿ ಹೋಗುತ್ತೆ." ನಾನು ನಂಬಿದೆ. ಓದಿದವರು, ಬಿಳಿ ಕೋಟು ಹಾಕಿಕೊಂಡವರು ಹೇಳಿದರೆ ನಂಬದೆ ಇನ್ನೇನು ಮಾಡುವುದು?

ಫೆಬ್ರವರಿಯಲ್ಲಿ ಒಸಡಿನ ಮೇಲೆ ಗುಳ್ಳೆ ಎದ್ದಿತು. ಬೆಳಿಗ್ಗೆ ಎದ್ದರೆ ಬಾಯಲ್ಲಿ ಕೀವಿನ ಕಹಿ. ಆಗ ನಮ್ಮ ಸ್ಕೂಲಿನ ಗಣಿತದ ಮೇಷ್ಟ್ರು ಬರೀ ರೂಟ್ ಕೆನಾಲ್ ಕೆಲಸವನ್ನೇ ಮಾಡುವ ಸ್ಪೆಷಲಿಸ್ಟ್ ಒಬ್ಬರ ಹತ್ತಿರ ಕಳಿಸಿದರು. ಅವರು ಎಕ್ಸ್‌ರೇ ತೆಗೆದು, ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ, ಪೆನ್ನಿನ ತುದಿಯಿಂದ ತೋರಿಸಿದರು. ಮುಂದಿನ ಬೇರಿನೊಳಗೆ ಬೆಳ್ಳಗೆ ಹೊಳೆಯುವ ಒಂದು ಗೆರೆ. "ಇದು ಮುರಿದ ಫೈಲು. ಅವರು ಹೇಳಲಿಲ್ವಾ?" ಅಂದರು.

ಇಲ್ಲ. ಹೇಳಲಿಲ್ಲ. ಎಂಟು ತಿಂಗಳು ನನ್ನ ದವಡೆಯಲ್ಲಿ ಮೂರು ಮಿಲಿಮೀಟರ್ ಲೋಹ ಇತ್ತು. ನನಗೇ ಗೊತ್ತಿರಲಿಲ್ಲ.

ಫೈಲ್ ಅಂದರೆ ಬೇರಿನ ಒಳಗಿನ ಸಣ್ಣ ಕೊಳವೆಗಳನ್ನು ಕ್ಲೀನ್ ಮಾಡುವ ಸೂಜಿಯಂಥ ಸಾಮಾನು. ಈ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ಕೊಳವೆ. ಮುಂದಿನ ಬೇರಿನ ಕೊಳವೆಗಳು ಬಾಗಿರುತ್ತವೆ, ಅಲ್ಲೇ ಫೈಲ್ ಮುರಿಯುವುದು ಜಾಸ್ತಿಯಂತೆ. ಒಳ್ಳೆಯ ಡಾಕ್ಟರ ಕೈಯಲ್ಲೂ ಮುರಿಯುತ್ತದಂತೆ. ಮುರಿದ ಚೂರು ಒಳಗೆ ಇದ್ದಮಾತ್ರಕ್ಕೆ ಹಲ್ಲು ಹೋಗಬೇಕು ಅಂತಲೂ ಇಲ್ಲ. ಅದರ ಕೆಳಗೆ ಕ್ಲೀನ್ ಆಗದೆ ಉಳಿದ ಜಾಗದಲ್ಲಿ ಸೋಂಕು ಇದ್ದರೆ ಮಾತ್ರ ತೊಂದರೆ. ನನಗೆ ಆಗಿದ್ದು ಅದೇ. ಬೇರಿನ ಸುತ್ತ ಮೂಳೆ ಕರಗಿಹೋಗಿತ್ತು. ಬೇರು ಉದ್ದಕ್ಕೆ ಸೀಳಿಯೂ ಇತ್ತು. ಮುರಿದ ಹೊಸತರಲ್ಲೇ ಬಂದಿದ್ದರೆ ಮೈಕ್ರೋಸ್ಕೋಪ್ ಇಟ್ಟುಕೊಂಡು ತೆಗೆಯಲು ನೋಡಬಹುದಿತ್ತು, ಇಲ್ಲವೇ ಪಕ್ಕದಿಂದ ದಾರಿ ಮಾಡಬಹುದಿತ್ತು ಅಂದರು. ಈಗ ಕೀಳುವುದೊಂದೇ ದಾರಿ.

ಮುರಿದಿದ್ದಕ್ಕೆ ನನಗೆ ಸಿಟ್ಟಿಲ್ಲ. ದಯವಿಟ್ಟು ಇದನ್ನು ಅರ್ಥ ಮಾಡಿಕೊಳ್ಳಿ. ಕೈಕೆಲಸದಲ್ಲಿ ತಪ್ಪಾಗುತ್ತದೆ. ಮುಚ್ಚಿಟ್ಟರಲ್ಲ, ಅದಕ್ಕೆ ಸಿಟ್ಟು. "ಮೇಡಂ, ಹೀಗಾಯಿತು, ಸ್ಪೆಷಲಿಸ್ಟ್ ಹತ್ತಿರ ಹೋಗಿ" ಅಂತ ಅವತ್ತೇ ಹೇಳಿದ್ದರೆ ಅರ್ಧ ನಿಮಿಷದ ಮಾತು. ಗೊತ್ತಿದ್ದೂ ನನಗೆ ಟೆನ್ಶನ್ ಇದೆ ಅಂದರು. ಬೇಡದ ಮಾತ್ರೆ ನುಂಗಿಸಿದರು.

ರೂಟ್ ಕೆನಾಲ್ ಆದ ಹಲ್ಲನ್ನು ಕೀಳುವುದು ಸುಲಭ ಅಲ್ಲ. ಒಣಗಿದ ಕಡ್ಡಿ ಥರ ಪುಡಿಯಾಗುತ್ತದೆ. ಬೇರುಗಳನ್ನು ಬೇರೆ ಬೇರೆ ಕೊರೆದು ತೆಗೆಯಲು ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಹಲ್ಲು ಕಿತ್ತ ಡಾಕ್ಟರು ಹತ್ತಿ ಕಚ್ಚಿಸಿ, ಮುಕ್ಕಾಲು ಗಂಟೆ ಬಿಡಬೇಡಿ ಅಂದರು. ಒಂದು ದಿನ ಉಗುಳಬೇಡಿ, ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಏನೂ ಕುಡಿಯಬೇಡಿ, ಬಿಸಿ ಬೇಡ ಅಂದರು. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಹೋಗಬಾರದು. ಇಷ್ಟು ಎಚ್ಚರ ವಹಿಸಿದರೂ ಕೆಳಗಿನ ದವಡೆ ಹಲ್ಲಲ್ಲಿ ಕೆಲವೊಮ್ಮೆ ಹೋಗಿಬಿಡುತ್ತದೆ, ಮೂರನೇ ದಿನದ ಹೊತ್ತಿಗೆ ಕಿವಿವರೆಗೆ ನೋವು ಬಂದರೆ ತಕ್ಷಣ ಬನ್ನಿ ಅಂತಲೂ ಹೇಳಿದರು.

ಮೂರನೇ ದಿನ ಸಂಜೆ ಅದೇ ಆಯಿತು. ಡ್ರೈ ಸಾಕೆಟ್. ಹೆಪ್ಪು ಹೋಗಿ ಮೂಳೆ ಬರಿದಾಗಿ ನಿಂತಿತ್ತು. ಕಿವಿಯೊಳಗೆ ಯಾರೋ ಕಾದ ಕಂಬಿ ತೂರಿಸಿದ ಹಾಗೆ. ಎರಡು ರಾತ್ರಿ ನಿದ್ದೆ ಇಲ್ಲ. ನನ್ನ ಹತ್ತು ವರ್ಷದ ಮಗಳು ಬಾಗಿಲ ಹತ್ತಿರ ನಿಂತು ನೋಡಿ ಅತ್ತಳು. ಡಾಕ್ಟರು ಗುಳಿ ತೊಳೆದು ಲವಂಗದೆಣ್ಣೆ ಸೇರಿದ ಔಷಧಿ ತುಂಬಿದರು. ಮೂರು ಸಲ ಬದಲಾಯಿಸಿದ ಮೇಲೆ ಜೀವ ಬಂತು. ಆದರೆ ಇವರ ಮೇಲೆ ನನಗೆ ಒಂದು ಕ್ಷಣವೂ ಕೋಪ ಬರಲಿಲ್ಲ. ಮೊದಲೇ ಹೇಳಿದ್ದರು, ಅಲ್ವಾ?

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿದೆ. ಅವರ ಕನ್ನಡ ಮೇಡಂ, ಅಂದರೆ ನಾನು, ಬಾಯಿ ಬಿಡಲಾರದೆ ಬೋರ್ಡ್ ಮೇಲೆ ಬರೆದು ಪಾಠ ಮಾಡುತ್ತಿದ್ದೇನೆ. ಮನೆಗೆ ಬಂದರೆ ನೆಂಟರ ಫೋನು. "ಒಂದು ಹಲ್ಲು ತಾನೇ, ಅದಕ್ಕೆ ಇಷ್ಟು ಯಾಕೆ?" ಆರನೇ ವರ್ಷಕ್ಕೆ ಹುಟ್ಟುವ ಹಲ್ಲು ಅದು. ಅದು ಬಿದ್ದರೆ ಇನ್ನೊಂದು ಬರುವುದಿಲ್ಲ. ಜಾಗ ಖಾಲಿ ಬಿಟ್ಟರೆ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಮೇಲಿನದು ಕೆಳಗೆ ಇಳಿಯುತ್ತದೆ. ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಕಟ್ಟಿದ ಹಲ್ಲು, ಅಂದರೆ ಬ್ರಿಡ್ಜ್ ಹಾಕಿಸಿದರೆ ಅಕ್ಕಪಕ್ಕದ ಎರಡು ಗಟ್ಟಿ ಹಲ್ಲು ಸವೆಸಬೇಕು. ಮೂಳೆಗೆ ತಿರುಪು ಕೂರಿಸಿ ಹಲ್ಲು ಕಟ್ಟುವ ಇಂಪ್ಲಾಂಟ್‌ಗೆ 35,000 ಹೇಳಿದ್ದಾರೆ, ಅದಕ್ಕೂ ಮೂಳೆ ತುಂಬುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ವರ್ಷ ವರ್ಷ ಕಟ್ಟುವ ಇನ್ಶೂರೆನ್ಸ್‌ನಲ್ಲಿ ಇದಕ್ಕೆ ಒಂದು ಪೈಸೆ ಬರುವುದಿಲ್ಲ. ಆ ಹಲ್ಲು ಉಳಿಯಲಿ ಅಂತ ಕಟ್ಟಿದ 13,500 ಆಗಲೇ ನೀರಿಗೆ ಹೋಗಿದೆ.

ಮೊನ್ನೆ ಊತ ಇಳಿದ ಮೇಲೆ ಆ ಹಳೆಯ ಕ್ಲಿನಿಕ್‌ಗೆ ಹೋದೆ. ಜಗಳಕ್ಕಲ್ಲ. ಜೂನ್‌ನಲ್ಲಿ ತೆಗೆದ ಎಕ್ಸ್‌ರೇ ಕೊಡಿ ಅಂತ ಕೇಳಲು. ಮುರಿದಿದ್ದು ಅವತ್ತೇ ಅದರಲ್ಲಿ ಕಂಡಿರಬೇಕು. ರಿಸೆಪ್ಷನ್ ಹುಡುಗಿ ಒಳಗೆ ಹೋಗಿ ಬಂದು, "ಡಾಕ್ಟರ್ ಬ್ಯುಸಿ ಇದ್ದಾರೆ, ಅವರೇ ಫೋನ್ ಮಾಡುತ್ತಾರೆ" ಅಂದಳು. ಫೋನ್ ಬಂದಿಲ್ಲ. ನಾಳೆ ಸ್ಕೂಲ್ ಮುಗಿಸಿ ಮತ್ತೆ ಹೋಗುತ್ತೇನೆ. ಈ ಸಲ ಬರೆದುಕೊಂಡು ಹೋಗಿ, ಇನ್ನೊಂದು ಪ್ರತಿಯ ಮೇಲೆ ಅವರ ಸೀಲು, ಸಹಿ ಹಾಕಿಸಿಕೊಂಡೇ ಬರುತ್ತೇನೆ.