ಕಾಯಿಲೆಯ ಕಥೆಯನ್ನು ಫೋಟೊ ಸಮೇತ ಜನರ ಮುಂದಿಡಬೇಕಾ?

ಪರ: ಕ್ಯಾಮೆರಾ ಅವರ ಕೈಗೇ ಕೊಡಿ

ಮನಸ್ಸಿನ ಕಾಯಿಲೆ ಬಂದವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಡಾಕ್ಟರು, ಮನೆಯವರು, ಅಕ್ಕಪಕ್ಕದವರು. ಅವರನ್ನೇ ಕೂರಿಸಿಕೊಂಡು ಕೇಳುವವರು ಕಡಿಮೆ. ಅದಕ್ಕೇ ನನಗೆ ಫೋಟೊವಾಯ್ಸ್ ಅನ್ನೋ ವಿಧಾನ ಇಷ್ಟ. 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಚೀನಾದ ಯುನಾನ್ ಪ್ರಾಂತ್ಯದ ಹಳ್ಳಿ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು ಇದನ್ನು ರೂಪಿಸಿದರು. ಆಮೇಲೆ ಬಾಸ್ಟನ್ ವಿಶ್ವವಿದ್ಯಾಲಯದವರು ಇದನ್ನು ಮಾನಸಿಕ ಕಾಯಿಲೆ ಇರುವವರ ಜೊತೆ ಬಳಸಿದರು. ಫೋಟೊ ಅವರೇ ತೆಗೆಯಬೇಕು. ಗುಂಪಿನಲ್ಲಿ ಕೂತು ಮಾತಾಡಬೇಕು. ಇಲ್ಲಿ ಏನು ಕಾಣುತ್ತಿದೆ? ನಿಜವಾಗಿ ಏನು ನಡೆಯುತ್ತಿದೆ? ನಮ್ಮ ಬದುಕಿಗೂ ಇದಕ್ಕೂ ಏನು ಸಂಬಂಧ? ಕೊನೆಗೆ ಫೋಟೊದ ಕೆಳಗೆ ನಾಲ್ಕು ಸಾಲು ಬರೆಯಬೇಕು.

ನನ್ನ ತಮ್ಮನಿಗೆ ಸ್ಕಿಜೋಫ್ರೀನಿಯಾ. ಮಾತ್ರೆಯಿಂದ ಕಿವಿಯಲ್ಲಿ ಕೇಳುವ ಧ್ವನಿಗಳು ಕಡಿಮೆಯಾದವು, ಆದರೆ ಅವನ ಮಾತು ವಾಪಸ್ ಬರಲಿಲ್ಲ. ಮಾನಸಿಕ ಕಾಯಿಲೆ ಇರುವವರು ಹಗಲು ಹೊತ್ತು ಹೋಗಿಬರುವ ಡೇ ಕೇರ್‌ನಲ್ಲಿ ಒಮ್ಮೆ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡು ಬರಲು ಹೇಳಿದರು. ಅವನು ತೆಗೆದದ್ದು ನಮ್ಮ ಊಟದ ಟೇಬಲ್. ಅದರ ಮೇಲೆ ಅಮ್ಮನ ಬಿಪಿ ಮಾತ್ರೆ. ಹಿಂದೆ ಅರ್ಧ ತೆರೆದ ಬೀರು, ಮಡಚಿದ ಸೀರೆಗಳ ಸಂದಿಯಲ್ಲಿ ಅವನ ಮಾತ್ರೆಯ ಕವರು. ಕೆಳಗೆ ಬರೆದಿದ್ದ: "ಅಮ್ಮನ ಮಾತ್ರೆ ನೆಂಟರು ಬಂದಾಗಲೂ ಅಲ್ಲೇ ಇರುತ್ತೆ. ನನ್ನದು ಮಾತ್ರ ಬೀರುವಿನಲ್ಲಿ." ಅಮ್ಮ ಅದನ್ನು ಓದಿ, ಏನೂ ಮಾತಾಡದೆ, ಕವರು ತಂದು ಟೇಬಲ್ ಮೇಲಿಟ್ಟರು. ಆ ಫೋಟೊ ಬಗ್ಗೆ ಕೇಳಿದರೆ ತಮ್ಮ ಈಗಲೂ ಬಾಯಿಬಿಟ್ಟು ಮಾತಾಡುತ್ತಾನೆ.

ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಟಿವಿಯಲ್ಲೇ ಹೇಳಿಕೊಂಡರು. ಅದು ಸಿನಿಮಾದವರಿಗೆ ಮಾತ್ರ ಯಾಕೆ? ಗುಟ್ಟಾಗಿರಲಿ ಅನ್ನುವವರು ಕೊನೆಗೆ ಹೇಳುತ್ತಿರುವುದು ಒಂದೇ: ಸುಮ್ನೆ ಬಾಯಿ ಮುಚ್ಚಿಕೊಂಡಿರಿ. ಬಾಯಿ ಮುಚ್ಚಿಸಿದ್ದು ಸಾಕು. ಕ್ಯಾಮೆರಾ ಅವರ ಕೈಗೇ ಕೊಡಿ.

ವಿರೋಧ: ಹೊರಗೆ ಹೋದದ್ದು ವಾಪಸ್ ಬರಲ್ಲ

ಫೋಟೊ ತೆಗೆದು, ನಾಲ್ಕು ಸಾಲು ಬರೆದರೆ ಮನಸ್ಸು ಹಗುರಾಗುತ್ತೆ ಅನ್ನೋದನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ಅದನ್ನು ಊರ ಮುಂದಿಡುವ ಬಗ್ಗೆ. ಹೆಸರಾಂತ ನಟಿಯ ಮಾತು ಬೇರೆ. ಬಾಡಿಗೆ ಮನೆ ಹುಡುಕುವವರು, ಮದುವೆ ಮಾತುಕತೆ ನಡೆಯುತ್ತಿರುವವರು ಏನು ಮಾಡಬೇಕು?

1850ರ ದಶಕದಲ್ಲಿ ಇಂಗ್ಲೆಂಡಿನ ಸರ್ರೆಯ ಆಸ್ಪತ್ರೆಯಲ್ಲಿ ಹ್ಯೂ ಡೈಮಂಡ್ ಅನ್ನೋ ವೈದ್ಯರು ಮಹಿಳಾ ರೋಗಿಗಳ ಫೋಟೊ ತೆಗೆದರು. ತಮ್ಮ ಚಿತ್ರ ತಾವೇ ನೋಡಿದರೆ ಗುಣವಾಗಲು ನೆರವಾಗುತ್ತೆ ಎಂದು ನಂಬಿದ್ದರು. ಅವರೂ ಒಳ್ಳೆಯದನ್ನೇ ಬಯಸಿದ್ದರು. ಆದರೆ ಆ ಹೆಂಗಸರ ಮುಖಗಳನ್ನು ಇವತ್ತಿಗೂ ಯಾರು ಬೇಕಾದರೂ ನೋಡಬಹುದು.

ನಮ್ಮ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೊವನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಒಪ್ಪಿಗೆ ಕೊಟ್ಟರೆ ಮುಗೀತಾ? ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ಕುಗ್ಗುವ ಕಾಯಿಲೆ ಇರುವವರು ಮೇನಿಯಾದ, ಅಂದರೆ ಮನಸ್ಸು ಏರಿದ ದಿನಗಳಲ್ಲಿ ಎಲ್ಲದಕ್ಕೂ ಹೂಂ ಅಂದುಬಿಡಬಹುದು. ಆಮೇಲೆ ಇಳಿದಾಗ ಅದನ್ನು ಅಳಿಸುವವರು ಯಾರು? ವಾಟ್ಸ್ಆ್ಯಪ್‌ನಲ್ಲಿ ಒಮ್ಮೆ ಹೋದರೆ ಹೋಯಿತು.

ಗುಂಪಿನೊಳಗೆ ಧಾರಾಳವಾಗಿ ತೋರಿಸಲಿ. ಹೊರಗೆ ಹಾಕುವುದಾದರೆ ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ಕೇಳಲಿ. ಆಗಲೂ ಮುಖ, ಊರು, ಮನೆಯವರ ಹೆಸರು ಬೇಡ.