ಉತಾರದಲ್ಲಿ ಹೆಸರಿರುವವರೇ ಒಳಗೆ ಕರೆಯಬೇಕು

ಮೇ ತಿಂಗಳ ಒಂದು ಮಧ್ಯಾಹ್ನ, ವಿಜಯಪುರದ ನಾಯಿಗಳೂ ನೆರಳು ಬಿಟ್ಟು ಕದಲಲು ಒಪ್ಪದ ಹೊತ್ತಿನಲ್ಲಿ, ನಮ್ಮ ಮನೆಯ ಹೊಸ್ತಿಲಿನಾಚೆ ಕಪ್ಪು ಅಂಗಿ ತೊಟ್ಟ ನಾಲ್ವರು ತರುಣರು ಸಾಲಾಗಿ ನಿಂತಿದ್ದರು. ಅತ್ತಿಗೆ ಒಳಗಿನಿಂದ "ಬರ್ರಿ, ಒಳಗ ಬರ್ರಿ" ಎಂದು ಮೂರು ಸಲ ಕರೆದರೂ ಅವರು ಹೆಜ್ಜೆ ಎತ್ತಲಿಲ್ಲ. ಮೊದಲನೆಯವನ ಹುಬ್ಬಿನಿಂದ ಇಳಿದ ಬೆವರು ಮೂಗಿನ ತುದಿಗೆ ಬಂದು, ಕ್ಷಣಕಾಲ ತೂಗಿ, ಶಹಾಬಾದಿ ಫರಸಿಯ ಮೇಲೆ ಬೀಳುತ್ತಿತ್ತು. ಬಿದ್ದ ಹನಿ ನೋಡುತ್ತಿದ್ದಂತೆಯೇ ಆರಿಹೋಗುತ್ತಿತ್ತು. ನಾನು ಎದ್ದುಹೋಗಿ ವಿಚಾರಿಸಿದೆ. ರಕ್ತಪಿಶಾಚಿಯು ಮನೆಯವರ ಆಹ್ವಾನವಿಲ್ಲದೆ ಹೊಸ್ತಿಲು ದಾಟುವಂತಿಲ್ಲವೆಂದೂ, ಆಹ್ವಾನವೇನೋ ಬಂದಿದೆಯಾದರೂ ಕರೆದವರಿಗೆ ಕರೆಯುವ ಅಧಿಕಾರವಿದೆಯೋ ಇಲ್ಲವೋ ಎಂಬ ಬಗ್ಗೆ ತಮ್ಮೊಳಗೆ ಭಿನ್ನಾಭಿಪ್ರಾಯವಿದೆಯೆಂದೂ ಅವರಲ್ಲೊಬ್ಬನು ವಿನಯದಿಂದಲೇ ತಿಳಿಸಿದನು. ಮನೆಯಲ್ಲಿ ವಾಸವಾಗಿರುವ ಯಾರು ಕರೆದರೂ ಸಾಕೆಂಬುದು ಇಬ್ಬರ ಪಕ್ಷ. ಒಡೆಯರೇ ಕರೆಯಬೇಕೆಂಬುದು ಉಳಿದಿಬ್ಬರ ಪಕ್ಷ.

"ಸರ್, ಉತಾರದಾಗ ಯಾರ ಹೆಸರೈತ್ರಿ?"

ಮನೆಯ ಒಡೆತನ ತೋರಿಸುವ ದಾಖಲೆಯಾದ ಉತಾರದಲ್ಲಿ ನನ್ನ ಹೆಸರೂ ತೀರಿಹೋದ ಅಣ್ಣನ ಹೆಸರೂ ಕೂಡಿಯೇ ಇವೆ, ಆದ್ದರಿಂದ ಅರ್ಧ ಆಹ್ವಾನವನ್ನು ನಾನು ಕೊಡಬಲ್ಲೆ, ಉಳಿದರ್ಧಕ್ಕೆ ಅಣ್ಣನನ್ನು ಕರೆಸುವುದು ನಿಮ್ಮ ವಿದ್ಯೆಗೆ ಬಿಟ್ಟದ್ದು ಎಂದೆ. ಅವರು ನಗಲಿಲ್ಲ. ಪರಸ್ಪರ ಮುಖ ನೋಡಿಕೊಂಡು ಅದನ್ನು ಗಂಭೀರವಾಗಿ ಪರಿಶೀಲಿಸತೊಡಗಿದರು.

ಇವರು ರಕ್ತಪಿಶಾಚಿಗಳಲ್ಲ, ರಕ್ತಪಿಶಾಚಿಗಳ ಅಭಿಮಾನಿಗಳು. ಈ ವ್ಯತ್ಯಾಸವನ್ನು ನಾನು ಮೊದಲ ದಿನ ಗ್ರಹಿಸಲಿಲ್ಲವೆಂದು ನನ್ನ ಮೇಲೆ ಈಗಲೂ ಸ್ವಲ್ಪ ಮುನಿಸಿದೆ. ನಮ್ಮಲ್ಲಿದ್ದುಕೊಂಡು ಡಿಗ್ರಿ ಓದುತ್ತಿರುವ, ಬಾಗಲಕೋಟೆಯ ನನ್ನ ತಂಗಿಯ ಮಗನೇ ಇವರ ಮುಂದಾಳು. ಇವರ ಕುಲಬಾಂಧವರು ಬೆಳಗಾವಿಯಿಂದ ಬ್ರೆಜಿಲ್‌ವರೆಗೆ ಹಬ್ಬಿದ್ದು, ರಾತ್ರಿಯಿಡೀ ಮೊಬೈಲಿನಲ್ಲಿ ಸಂಭಾಷಿಸುತ್ತಾರೆ. ಆ ಸಂಭಾಷಣೆಯ ಭಾಷೆ ಯಾವುದೆಂದು ಹೇಳುವುದು ಕಷ್ಟ. "ಆ ಹೊಸಾ ಫ್ಲೆಡ್ಜ್‌ಲಿಂಗ್ ಕ್ಯಾನನ್ ಬಿಟ್ಟು ಶಿಪ್ ಮಾಡಾಕತ್ತಾನ, ಅವನ ಸೈರ್ ಯಾರಲೇ?" ಎಂಬ ವಾಕ್ಯವನ್ನು ನಾನು ಕಿವಿಯಾರೆ ಕೇಳಿದ್ದೇನೆ. ವೃತ್ತಿಜೀವನವನ್ನೆಲ್ಲ ಕೇಶಿರಾಜನ ಸೂತ್ರಗಳನ್ನು ಮಕ್ಕಳ ತಲೆಗೆ ಇಳಿಸುವುದರಲ್ಲಿ ಕಳೆದ ಕನ್ನಡ ಮಾಸ್ತರನಾದ ನನಗೆ ಅದರಲ್ಲಿ ಅರ್ಥವಾದದ್ದು ವಿಭಕ್ತಿ ಪ್ರತ್ಯಯ, ಕ್ರಿಯಾಪದ ಮತ್ತು ಕೊನೆಯ 'ಲೇ' ಮಾತ್ರ.

ಹೀಗಾಗಿ ಒಂದು ನೋಟುಬುಕ್ಕು ತಂದು ಶಬ್ದಾರ್ಥ ಬರೆದುಕೊಳ್ಳತೊಡಗಿದೆ. ಫ್ಲೆಡ್ಜ್‌ಲಿಂಗ್ ಎಂದರೆ ಹೊಸದಾಗಿ ಪಿಶಾಚಿಯಾದವನು, ಇಲ್ಲಿ ಬಳಗಕ್ಕೆ ಹೊಸದಾಗಿ ಸೇರಿದವನು. ಸೈರ್ ಎಂದರೆ ಅವನನ್ನು ಕಚ್ಚಿದವನು, ಇಲ್ಲಿ ಅವನ ನಂಬರನ್ನು ಸೇರಿಸಿದವನು. ಮೂಲಕೃತಿಯಲ್ಲಿ ಇರುವುದು ಕ್ಯಾನನ್. ಮೂಲದಲ್ಲಿ ಇಲ್ಲದಿದ್ದರೂ ಎಲ್ಲರೂ ಇದೆಯೆಂದು ನಂಬಿರುವುದು ಫ್ಯಾನನ್. ಅದನ್ನು ನಾವು ಪ್ರಕ್ಷಿಪ್ತವೆನ್ನುತ್ತೇವೆ, ಕುಮಾರವ್ಯಾಸನಲ್ಲಿಯೂ ಇದೆ ಎಂದು ನಾನು ಉತ್ಸಾಹದಿಂದ ಹೇಳಿದಾಗ, ಕುಮಾರವ್ಯಾಸನು ಯಾವ ಸೀಸನ್ನಿನಲ್ಲಿ ಬರುತ್ತಾನೆಂದು ಒಬ್ಬನು ಕೇಳಿದನು. 1991ರಲ್ಲಿ ಹೊರಬಂದ ಒಂದು ಪಾತ್ರಾಭಿನಯದ ಆಟದ ಪ್ರಕಾರ ಪಿಶಾಚಿಗಳು ಮನುಷ್ಯರನ್ನು 'ಕೈನ್' ಎಂದು ಕರೆಯುತ್ತವೆಯಂತೆ; ಹಳೆಯ ಇಂಗ್ಲಿಷಿನಲ್ಲಿ ಹಾಗೆಂದರೆ ದನಗಳು. ಇದರಲ್ಲಿ ಹೊಸತೇನಿದೆ? ವಿದ್ಯಾರ್ಥಿಗಳನ್ನು ಆ ಹೆಸರಿನಿಂದ ಸಂಬೋಧಿಸಲು ನಾವು ಮಾಸ್ತರರು ಯಾವ ಆಟದ ಅನುಮತಿಯನ್ನೂ ಕೇಳಿದವರಲ್ಲ. ಅದೇ ಆಟದಲ್ಲಿ ಮನುಷ್ಯರಿಗೆ ತಮ್ಮ ಗುಟ್ಟು ತಿಳಿಯಗೊಡಬಾರದೆಂಬ ಕಟ್ಟಪ್ಪಣೆಯೂ ಇದೆ. ಅದನ್ನು ಈ ನಾಲ್ವರು ಎಷ್ಟು ನಿಷ್ಠೆಯಿಂದ ಪಾಲಿಸುತ್ತಾರೆಂದರೆ, ತಾವು ಪಾಲಿಸುತ್ತಿರುವುದನ್ನು ದಿನಕ್ಕೆರಡು ಸಲ ಸ್ಟೇಟಸ್ಸಿನಲ್ಲಿ ಪ್ರಕಟಿಸುತ್ತಾರೆ.

'ಶಿಪ್' ಎಂಬುದು ಹಡಗಲ್ಲ, ರಿಲೇಷನ್‌ಶಿಪ್ ಎಂಬ ಪದದ ಬಾಲ; ಕಥೆಯ ಎರಡು ಪಾತ್ರಗಳ ನಡುವೆ ಪ್ರೇಮವಾಗಲೆಂದು ಹಾರೈಸುವುದು. ಡ್ರಾಕುಲಾ ಕಾದಂಬರಿಯಲ್ಲಿ ಡಿಮೀಟರ್ ಎಂಬ ನಿಜವಾದ ಹಡಗೇ ಇದ್ದು, ಸತ್ತ ಕಪ್ತಾನನನ್ನು ಚುಕ್ಕಾಣಿಗೆ ಕಟ್ಟಿಕೊಂಡು ದಡ ಸೇರುತ್ತದೆಯಾದರೂ ಈ ಚರ್ಚೆಯಲ್ಲಿ ಅದಕ್ಕೆ ಸ್ಥಾನವಿಲ್ಲ. 2009ರಿಂದ 2017ರವರೆಗೆ ನಡೆದ ಒಂದು ಅಮೆರಿಕನ್ ಧಾರಾವಾಹಿಯಲ್ಲಿ ಎಲೀನಾ ಎಂಬವಳಿಗೆ ಡೇಮನ್, ಸ್ಟೆಫನ್ ಎಂಬ ಅಣ್ಣತಮ್ಮಂದಿರಿಬ್ಬರೂ ಗಂಟುಬಿದ್ದಿರುತ್ತಾರೆ. ಅಣ್ಣನೊಡನೆ ಸೇರಿಸಿದರೆ ಡೆಲೀನಾ, ತಮ್ಮನೊಡನೆ ಸೇರಿಸಿದರೆ ಸ್ಟೆಲೀನಾ. ಇದು ಯಾವ ಸಂಧಿಯೆಂದು ಬಹಳ ಯೋಚಿಸಿದೆ. ಲೋಪಸಂಧಿಯಲ್ಲಿ ಒಂದು ಸ್ವರ ಲೋಪವಾಗುತ್ತದೆ. ಇಲ್ಲಿ ಅರ್ಧ ಗಂಡಸೇ ಲೋಪವಾಗಿದ್ದಾನೆ.

ಇಷ್ಟಾದರೂ ನನಗೆ ಬೇಸರವಿರಲಿಲ್ಲ. ಬೇಸರ ಬಂದದ್ದು ಬಿಸಿಲಿನ ವಿಷಯದಲ್ಲಿ. ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ಆ ಡ್ರಾಕುಲಾ ಕಾದಂಬರಿಯಲ್ಲಿ ಅದೇ ಹೆಸರಿನ ಪಿಶಾಚಿ ಜಮೀನುದಾರನಾದ ಕೌಂಟನು ಹಾಡಹಗಲೇ ಲಂಡನ್ನಿನ ಪಿಕಾಡಿಲಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಬೆಳ್ಳುಳ್ಳಿ ಅವನನ್ನು ದೂರವಿಡುತ್ತದೆ; ಹಗಲು ಅವನ ಶಕ್ತಿಯನ್ನು ಕುಗ್ಗಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಬಿಸಿಲು ತಾಕಿದೊಡನೆ ಪಿಶಾಚಿಯು ನಾಶವಾಗುವುದು 1922ರ ಜರ್ಮನ್ ಮೂಕಚಿತ್ರ ನೊಸ್ಫೆರಾಟುವಿನ ಕೊಡುಗೆ. 2005ರಲ್ಲಿ ಬಂದ ಟ್ವೈಲೈಟ್ ಕಾದಂಬರಿಯಲ್ಲಾದರೋ ಬಿಸಿಲಿಗೆ ಬಂದವನು ಸಾಯುವುದೂ ಇಲ್ಲ, ಸೊರಗುವುದೂ ಇಲ್ಲ, ವಜ್ರದ ಪುಡಿ ಬಳಿದಂತೆ ಮಿಂಚುತ್ತಾನೆ. ಹೀಗೆ ಕುಗ್ಗುವ ಮತ, ಸುಡುವ ಮತ, ಮಿಂಚುವ ಮತ ಎಂದು ಮೂರು ಮತಗಳಾಗಿದ್ದು, ದ್ವೈತಿಗಳೂ ಅದ್ವೈತಿಗಳೂ ಶತಮಾನಗಳಲ್ಲಿ ಆಡಿರದಷ್ಟು ಕಟುವಾದ ಮಾತುಗಳನ್ನು ಇವರು ಒಂದು ರಾತ್ರಿಯಲ್ಲಿ ಆಡಿಕೊಳ್ಳುತ್ತಾರೆ. 'ಮಿಂಚುಪುಡಿ' ಎಂಬುದು ಇವರಲ್ಲಿ ಬೈಗುಳ. ಅದನ್ನು ಅನ್ನಿಸಿಕೊಂಡ ಒಬ್ಬ ಹುಡುಗ ಎರಡು ದಿನ ಊಟ ಬಿಟ್ಟಿದ್ದನಂತೆ. ಈ ಮಹಾವಿವಾದವು ನಮ್ಮ ಪಡಸಾಲೆಯಲ್ಲಿ, ಕರೆಂಟು ಹೋಗಿ ಫ್ಯಾನು ನಿಂತು, ನಾಲ್ವರೂ ಬೀಸಣಿಗೆ ಬೀಸಿಕೊಳ್ಳುತ್ತಿದ್ದಾಗಲೇ ನಡೆಯಿತು. ಯಾರೊಬ್ಬರಿಗೂ ಕಿಟಕಿಯಾಚೆ ನೋಡಬೇಕೆನಿಸಲಿಲ್ಲ. ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಇಳಿದುಬಂದ ಅತ್ತಿಗೆ ಮಾತ್ರ, "ನಮ್ಮ ಬಿಸಲಾಗ ಹೊಳಿಯೂದೂ ಇಲ್ಲ, ಸುಡೂದೂ ಇಲ್ಲ. ಒಣಗತಾನ. ಸಂಜಿಗೆ ಡಬ್ಬಿಗೆ ತುಂಬೂದು" ಎಂದು ತೀರ್ಪು ಕೊಟ್ಟರು.

ಆ ಮಿಂಚುವವನ ಮನೆತನವು ಶಾಕಾಹಾರಿಯೆಂದು ಹುಡುಗರು ವಾದಿಸಿದಾಗ ಅತ್ತಿಗೆಗೆ ಕುತೂಹಲ ಮೂಡಿತು. ವಿಚಾರಿಸಿದರೆ, ಅವರು ಮನುಷ್ಯರ ರಕ್ತ ಕುಡಿಯುವುದಿಲ್ಲ, ಕಾಡುಪ್ರಾಣಿಗಳದ್ದನ್ನು ಕುಡಿಯುತ್ತಾರೆ, ಅದಕ್ಕೇ ತಮ್ಮನ್ನು ತಾವು ತಮಾಷೆಗೆ ಹಾಗೆ ಕರೆದುಕೊಳ್ಳುತ್ತಾರೆ ಎಂದು ತಿಳಿಯಿತು. "ಜಿಂಕಿ ರಕ್ತ ಕುಡಿಯಾಂವಾ ಶಾಕಾಹಾರಿ ಏನು? ಯವ್ವಾ!" ಎಂದವರು ಅಂದು ಆ ಹುಡುಗರಿಗೆ ಚಹಾ ಕೊಟ್ಟ ಲೋಟಗಳನ್ನು ಬೇರೆಯಾಗಿಯೇ ತೊಳೆದರು. ಅದೇ ನಾಯಕನು 1901ರಲ್ಲಿ ಹುಟ್ಟಿ, 1918ರಲ್ಲಿ ಪಿಶಾಚಿಯಾಗಿ, ಅಂದಿನಿಂದ ಹದಿನೇಳರಲ್ಲೇ ನಿಂತು ಇಂದಿಗೂ ಹೈಸ್ಕೂಲಿಗೆ ಹೋಗುತ್ತಾನೆಂಬುದು ಇವರಿಗೆ ಪ್ರೇಮದ ಪರಾಕಾಷ್ಠೆ. ನಮ್ಮ ಕಾಲದಲ್ಲಿ ಅಂಥವರಿಗೆ ರಿಪೀಟರ್ ಎನ್ನುತ್ತಿದ್ದೆವು. ಅವನ ಪರವಾಗಿ ಒಂದು ತಂಡ, ಅವನ ಎದುರಾಳಿ ತೋಳಮಾನವನ ಪರವಾಗಿ ಇನ್ನೊಂದು ತಂಡ ಇದೆ ಎಂದಾಗ ಮಾತ್ರ ನನಗೆ ತಟ್ಟನೆ ಹೊಳೆಯಿತು: ಕಾರಹುಣ್ಣಿಮೆಯ ಕರಿ ಹರಿಯುವಾಗ ಬಿಳಿ ಎತ್ತಿಗೂ ಕೆಂಪು ಎತ್ತಿಗೂ ಊರು ಎರಡಾಗುವುದಿಲ್ಲವೇ, ಹಾಗೆ. ಬಿಳಿಚಿಕೊಂಡವನು ಗೆದ್ದರೆ ಈ ಸಲ ಬಿಳಿಜೋಳ ಚೆನ್ನಾಗಿ ಬರುತ್ತದೆ ಎಂದೆ. ಬರೆದುಕೊಳ್ಳುವವರು ಯಾರೂ ಇರಲಿಲ್ಲ.

ಒಂದು ಭಾನುವಾರ ಇವರ ಮಹಾಸಭೆಯು ಗೋಲಗುಮ್ಮಟದಲ್ಲಿ ಸೇರಿತು. ನಿಶಾಚರರ ಸಭೆ ಹಗಲು ಹನ್ನೊಂದಕ್ಕೇಕೆ ಎಂದು ಕೇಳಿದ್ದಕ್ಕೆ, ಸಂಜೆಯಾದರೆ ಬಾಗಿಲು ಹಾಕುತ್ತಾರೆ, ಟಿಕೆಟು ಸಿಗುವುದಿಲ್ಲ ಎಂಬ ಉತ್ತರ ಬಂತು. 1656ರಲ್ಲಿ ಮುಗಿದ ಆ ಕಟ್ಟಡ ಮುಹಮ್ಮದ್ ಆದಿಲ್ ಶಾಹನ ಸಮಾಧಿಯೆಂಬುದೇ ಇವರಿಗೆ ಅದರ ಆಕರ್ಷಣೆ. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಒಬ್ಬನು ಗೋಡೆಗೆ ಬಾಯಿಟ್ಟು "ಹಲ್ಲಿ ನಡಿಗೆ" ಎಂದು ಉಸುರಿದನು. ಎದುರು ಬದಿಯ ಮೂವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಆ ನಗೆ ಏಳು ಸಲ ತಿರುಗಿ ಬಂತು, ನಕ್ಕಿದ್ದಕ್ಕೆ ಮತ್ತೆ ನಕ್ಕರು. ಸೊಲ್ಲಾಪುರದ ಕಡೆಯಿಂದ ಬಂದಿದ್ದ ಒಂದು ಕುಟುಂಬ ತಮ್ಮನ್ನೇ ನೋಡಿ ನಗುತ್ತಿದ್ದಾರೆಂದು ಭಾವಿಸಿ ಸೆರಗು, ಟೊಪ್ಪಿಗೆ ಸರಿಪಡಿಸಿಕೊಂಡಿತು. ಈ ಬಳಗದ ಹಾಸ್ಯವನ್ನು ಅದಕ್ಕಿಂತ ಚೆನ್ನಾಗಿ ವಿವರಿಸುವುದು ನನ್ನಿಂದಾಗದು. ಒಮ್ಮೆ ಆಡಿದ್ದು ಏಳು ಸಲ ಕೇಳಿಸುತ್ತದೆ, ಎಂಟನೆಯವನಿಗೆ ಏನೂ ತಿಳಿಯುವುದಿಲ್ಲ.

ಹಲ್ಲಿ ನಡಿಗೆಯೆಂದರೆ, ಕೋಟೆಯಲ್ಲಿ ಬಂಧಿಯಾದ ಜೊನಾಥನ್ ಹಾರ್ಕರ್ ಎಂಬ ವಕೀಲನು ಕಿಟಕಿಯಿಂದ ನೋಡುವಾಗ ಕೌಂಟನು ಗೋಡೆಯ ಮೇಲೆ ತಲೆಕೆಳಗಾಗಿ ಹಲ್ಲಿಯಂತೆ ಹರಿದು ಇಳಿಯುವ ದೃಶ್ಯ. ಇಂಗ್ಲಿಷಿನವರಿಗೆ ಅದು ಭಯಾನಕ. ಹಲ್ಲಿ ಎಲ್ಲಿ ಬಿದ್ದರೆ ಏನು ಫಲವೆಂದು ಪಂಚಾಂಗದಲ್ಲೇ ಅಚ್ಚುಹಾಕಿಸಿಟ್ಟುಕೊಂಡ ನಮಗೆ ಉಳಿಯುವ ಪ್ರಶ್ನೆ ಒಂದೇ, ಆರಡಿ ಜಮೀನುದಾರ ಹಲ್ಲಿಯು ಎಡ ಭುಜದ ಮೇಲೆ ಬಿದ್ದರೆ ಧನಲಾಭವೋ ಮೂಳೆ ಮುರಿತವೋ ಎಂಬುದು. ಆ ಹಾರ್ಕರನೇ ಮೇ 3ರ ದಿನಚರಿಯಲ್ಲಿ ದಾರಿಯ ಹೋಟೆಲೊಂದರಲ್ಲಿ ಪಾಪ್ರಿಕಾ ಹಾಕಿದ ಕೋಳಿ ತಿಂದು, ರಾತ್ರಿಯೆಲ್ಲ ಹೂಜಿಯ ನೀರು ಖಾಲಿ ಮಾಡಿಯೂ ದಾಹ ತೀರದೆ ಒದ್ದಾಡಿದ್ದನ್ನು ಬರೆಯುತ್ತಾನೆ. ಅಭಿಮಾನಿಗಳು ಪ್ರತಿವರ್ಷ ಆ ದಿನ ಅದನ್ನೇ ಓದಿ ಸಂಭ್ರಮಿಸುತ್ತಾರೆ. ಪಾಪ್ರಿಕಾ ಎಂದರೆ ನಮ್ಮ ಬ್ಯಾಡಗಿಯ ಹಾಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅತ್ತಿಗೆಯ ರಂಜಕ ತಿನ್ನಿಸಿದ್ದರೆ ಆ ವಕೀಲ ಕೋಟೆಯವರೆಗೂ ಹೋಗುತ್ತಿರಲಿಲ್ಲ.

ಒಂದು ಸಲ ಮಾತ್ರ ಪಡಸಾಲೆಯಲ್ಲಿ ನಗೆ ನಿಂತಿತು. ಕೌಂಟನು ಸ್ವಂತ ನಾಡಿನ ಮಣ್ಣಿನಲ್ಲೇ ಮಲಗಬೇಕಾದ್ದರಿಂದ 50 ಪೆಟ್ಟಿಗೆಗಳಲ್ಲಿ ಅದನ್ನು ತುಂಬಿಸಿಕೊಂಡು ಇಂಗ್ಲೆಂಡಿಗೆ ಹೊರಟನೆಂದು ಹುಡುಗನು ಓದಿ ಹೇಳುತ್ತಿದ್ದಾಗ, ಅಂದು ಬಂದಿದ್ದ ನನ್ನ ತಂಗಿ ಕೇಳಿಸಿಕೊಂಡಳು. ಹಳೆಯ ಬಾಗಲಕೋಟೆಯಲ್ಲಿದ್ದ ಅವಳ ಮನೆಯ ಮೇಲೆ ಈಗ ಆಲಮಟ್ಟಿಯ ಹಿನ್ನೀರಿದೆ. "ನಮಗ ಒಂದ್ ಪೆಟಿಗಿನೂ ಆಗಲಿಲ್ಲ ನೋಡು" ಎಂದು ಹೇಳಿ ಎದ್ದು ಅಡುಗೆಮನೆಗೆ ಹೋದಳು.

ಅಸಲಿ ರಕ್ತಪಿಶಾಚಿಗಳು ನಮ್ಮ ರಾಜಕಾರಣಿಗಳೇ ಎಂಬ ವಾಕ್ಯವು ಇಷ್ಟು ಹೊತ್ತಿಗೆ ಬರಬೇಕಿತ್ತಲ್ಲ ಎಂದು ಓದುಗರು ಕಾಯುತ್ತಿರಬಹುದು. ಆ ವಾಕ್ಯವನ್ನು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಸಾಕಷ್ಟು ತಿದ್ದಿದ್ದೇನೆ, ಇನ್ನು ಆಗದು.

ನಮ್ಮಲ್ಲೂ ಬೇತಾಳನಿದ್ದಾನೆ, ಮರದಲ್ಲಿ ನೇತಾಡುತ್ತಾನೆ, ರಕ್ತ ಕೇಳದೆ ಪ್ರಶ್ನೆ ಕೇಳುತ್ತಾನೆ ಎಂದು ಹೇಳಿನೋಡಿದೆ. ಅದು ಕ್ಯಾನನ್ ಅಲ್ಲವೆಂದರು. ರಿಚರ್ಡ್ ಬರ್ಟನ್ ಎಂಬ ಇಂಗ್ಲಿಷಿನವನು ಡ್ರಾಕುಲಾಗಿಂತ 27 ವರ್ಷ ಮೊದಲು, 1870ರಲ್ಲಿಯೇ ಆ ಕಥೆಗಳನ್ನು ತನ್ನ ಭಾಷೆಗೆ ತಂದು ಬೇತಾಳನನ್ನು ವ್ಯಾಂಪೈರ್ ಎಂದೇ ಕರೆದಿದ್ದಾನೆಂದು ತಿಳಿಸಿದಾಗ ಎಲ್ಲರೂ ನೆಟ್ಟಗೆ ಕುಳಿತರು. "ಹಂಗಾದ್ರ ಇಂಗ್ಲಿಷಿನ್ಯಾಗ ಐತೇನ್ರಿ? ಮೊದಲ ಹೇಳಬಾರದೇನ್ರಿ ಸರ್!"

ಮಧ್ಯಾಹ್ನದ ನಿದ್ದೆ ತಪ್ಪಿ ತಿಂಗಳಾದ ಮೇಲೆ ನಾನೊಂದು ಉಪಾಯ ಹೂಡಿದೆ. 1990ರ ದಶಕದಲ್ಲಿ ಊರೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿದ್ದು ನನ್ನ ವಯಸ್ಸಿನವರಿಗೆ ನೆನಪಿದೆ. ರಾತ್ರಿ ಪರಿಚಿತರ ದನಿಯಲ್ಲಿ ಕೂಗುತ್ತ ಬರುವ ದೆವ್ವವು ಅದನ್ನು ಓದಿ ಹಿಂದಿರುಗಿ, ಮರುದಿನ ಬಂದು ಮತ್ತೆ ಓದಿ, ಮತ್ತೆ ಹಿಂದಿರುಗುತ್ತಿತ್ತು. ಕನ್ನಡ ಓದಬಲ್ಲ, ಬರೆದದ್ದಕ್ಕೆ ಬೆಲೆ ಕೊಡಬಲ್ಲ ದೆವ್ವ. ಅಂಥ ವಿದ್ಯಾರ್ಥಿಗಳು ನನಗೆ ಹೆಚ್ಚು ಸಿಗಲಿಲ್ಲ. ಆ ಎರಡು ಶಬ್ದಗಳನ್ನು ಸೀಮೆಸುಣ್ಣದಲ್ಲಿ ದುಂಡಗೆ ಬರೆದು, ಬಾಗಿಲು ಹಾಕಿಕೊಂಡು ಮಲಗಿದೆ. ಅಂದು ಯಾರೂ ಬರಲಿಲ್ಲ.

ಮರುದಿನ ಒಂದು ಗಂಟೆಗೆ ನಾಲ್ವರೂ ಬಂದರು. ಹೊಸ್ತಿಲಾಚೆ ನಿಲ್ಲಲಿಲ್ಲ, ಯಾರ ಕರೆಗೂ ಕಾಯಲಿಲ್ಲ, ನೇರವಾಗಿ ಒಳಬಂದು ಚಾಪೆ ಬಿಡಿಸಿಕೊಂಡು ಕುಳಿತರು. "ನಾಳೆ ಬಾ ಅಂತ ಬರದಿದ್ರೆಲ್ರಿ ಸರ್, ಬಂದೀವಿ. ಉತಾರದಾಗ ಹೆಸರಿದ್ದಾರ ಬರದು ಕೊಟ್ರ ಅದು ಲಿಖಿತ ಆಹ್ವಾನ. ಒಮ್ಮೆ ಕರದ್ರ ಮುಗೀತ್ರಿ, ಇನ್ನ ಯಾವಾಗರ ಬರಬಹುದು" ಎಂದು ತಂಗಿಯ ಮಗನು ನಿಯಮವನ್ನು ಬಿಡಿಸಿ ಹೇಳಿದನು. ಬಾಗಿಲಿನ ಆ ಎರಡು ಶಬ್ದಗಳಿಗೆ ಬೇರೆ ಅರ್ಥವಿದ್ದೀತೆಂಬ ಶಂಕೆಯೂ ಅವರಲ್ಲಿ ಸುಳಿದಿರಲಿಲ್ಲ.

ಅತ್ತಿಗೆ ಕಟಕ ರೊಟ್ಟಿಯ ಬುಟ್ಟಿಯನ್ನೂ, ಆಗಷ್ಟೇ ಕುಟ್ಟಿದ ಬಳ್ಳೊಳ್ಳಿ ಖಾರವನ್ನೂ, ನೀರಿನ ತಂಬಿಗೆಯನ್ನೂ ತಂದಿಟ್ಟರು. ಸೈರ್ ಎನಿಸಿಕೊಂಡವನು ರೊಟ್ಟಿ ಮುರಿದು, ಖಾರದ ನಡುವೆ ಗುಳಿ ಮಾಡಿ ಎಣ್ಣೆ ಹಾಕಿಸಿಕೊಂಡು, ನಾಲ್ಕನೆಯ ರೊಟ್ಟಿಯ ಹೊತ್ತಿಗೆ, "ಬಳ್ಳೊಳ್ಳಿ ಸ್ವಲ್ಪ ಕಡಿಮಿ ಬಿದ್ದೈತ್ರಿ" ಎಂದನು. ತಂಬಿಗೆಯ ನೀರು ಹಾಗೆಯೇ ಇತ್ತು.